ಬಾಗಿಲು ಹಾಕಿ ತುಂಬಿದ ಕಡಬು

ಮದುವೆಯಾದ ವರ್ಷ ನಾಗರ ಪಂಚಮಿ ಹಬ್ಬಕ್ಕೆ ಇಳಕಲ್ಲಿನ ಅತ್ತೆಮನೆಯಲ್ಲಿ ನಾನು ಮೊದಲ ಸಲ ಕಡಬು ಮಾಡಿದೆ. ಮೂವತ್ತು ತುಂಬಿದ್ದೆ, ಮೂವತ್ತೂ ಒಡೆದವು. ಒಂದಾದರೂ ನನ್ನ ಮರ್ಯಾದೆ ಉಳಿಸಬಾರದೆ? ಮುಚ್ಚಳ ತೆಗೆದು ನೋಡಿದರೆ ಬೋಗುಣಿಯ ತುಂಬ ಬೆಲ್ಲದ ನೀರು, ಅದರ ಮೇಲೆ ತೇಲುವ ಹಿಟ್ಟಿನ ಚೂರುಗಳು. ತೂತಿನ ಝಾರಾ ಹಾಕಿ ಎತ್ತಿದರೆ ಕಡಬು ಅನ್ನುವಂಥದ್ದು ಒಂದೂ ಮೇಲೆ ಬರಲಿಲ್ಲ.

ಕಡಬು ಅಂದರೆ ಅಂಥ ಬ್ರಹ್ಮವಿದ್ಯೆಯೇನಲ್ಲ. ಕಡಲೆಬೇಳೆ ಬೇಯಿಸಿ, ಕಟ್ಟು ಬಸಿದು, ಬೆಲ್ಲ ಏಲಕ್ಕಿ ಹಾಕಿ ರುಬ್ಬಿದರೆ ಹೂರಣ. ಗೋದಿಹಿಟ್ಟನ್ನು ಗಟ್ಟಿಯಾಗಿ ನಾದಿ, ಅಂಗೈಯಗಲ ಲಟ್ಟಿಸಿ, ನಡುವೆ ಹೂರಣವಿಟ್ಟು, ಅರ್ಧಕ್ಕೆ ಮಡಚಿ, ಅಂಚು ಹೊಸೆದು ಮುಚ್ಚಿದರಾಯಿತು. ಬೇರೆ ದಿನ ಎಣ್ಣೆಯಲ್ಲಿ ಕರಿಯಬಹುದು. ಪಂಚಮಿ ದಿನ ಒಲೆಯ ಮೇಲೆ ಹಂಚು ಇಡುವಂತಿಲ್ಲ, ಕರಿಯುವಂತಿಲ್ಲ, ನೀರಿನಲ್ಲೇ ಕುದಿಸಬೇಕು. ಅಂಚು ಎಲ್ಲಿಯಾದರೂ ಸೂಜಿಮೊನೆಯಷ್ಟು ಬಾಯಿ ಬಿಟ್ಟಿತೋ, ಮುಗಿಯಿತು ಕಥೆ. ಬಾಗಲಕೋಟೆಯ ನನ್ನ ತವರಿನಲ್ಲಿ ಇದೆಲ್ಲ ಅವ್ವನ ಪಾಲಿನ ಕೆಲಸ. ನಾನು ಎಸ್ಸೆಸ್ಸೆಲ್ಸಿ ಓದುವ ಹುಡುಗಿ ಎಂದು ಮೆರೆಸಿದರು, ಒಲೆಯ ಹತ್ತಿರ ಬಿಡಲಿಲ್ಲ. ಅದರ ಫಲ ಈಗ ಬೋಗುಣಿಯಲ್ಲಿ ತೇಲುತ್ತಿತ್ತು.

ಅತ್ತೆ ನನ್ನ ಮದುವೆಗೆ ಒಂದು ವರ್ಷ ಮೊದಲೇ ತೀರಿಕೊಂಡಿದ್ದರು. ಮನೆಯಲ್ಲಿ ಮಾವ, ನನ್ನ ಗಂಡ, ಎರಡು ಮಗ್ಗ. ಗಂಡನ ಅಕ್ಕಂದಿರು ಇಬ್ಬರು. ದೊಡ್ಡವರನ್ನು ಹುನಗುಂದಕ್ಕೆ ಕೊಟ್ಟಿತ್ತು, ಸಣ್ಣವರನ್ನು ಕೆರೂರಿಗೆ. ಪಂಚಮಿಗೆ ಇಬ್ಬರೂ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬರುತ್ತಿದ್ದರು. ಅಂದು ಓಣಿಯ ಬೇವಿನ ಮರದ ಜೋಕಾಲಿ ಆಡಿ, ಹಸಿದು, ಅವ್ವನ ಕಡಬು ನೆನೆಸಿಕೊಂಡು ಬಂದು ತಾಟಿನ ಮುಂದೆ ಕೂತವರಿಗೆ ನಾನು ಸೌಟಿನಲ್ಲಿ ಬೆಲ್ಲದ ಗಂಜಿ ಹಾಕಿದೆ.

"ಅಯ್ಯ ಶಿವನ! ಇದನ್ನ ತಿನ್ನೂದೋ ಕುಡಿಯೂದೋ?" ಎಂದರು ಕೆರೂರಿನ ಅಕ್ಕ.

ಹುನಗುಂದದ ಅಕ್ಕ ನಗಲಿಲ್ಲ. "ಬಾಗಲಾ ಹಾಕ್ಕೊಂಡು ತುಂಬಿದ್ಯೋ ಇಲ್ಲೋ? ನಮ್ಮವ್ವ ಕಡಬು ತುಂಬೂವಾಗ ಯಾರೂ ನೋಡಬಾರದು. ಕಣ್ಣ ಬಿದ್ರ ಒಡೀತಾವ. ನಮ್ಮನ್ನೆಲ್ಲಾ ಜೋಕಾಲಿಗೆ ಅಟ್ಟಿ, ಅಪ್ಪನ್ನ ಒಳಗ ಬಾಗಲಕ್ಕ ಬೆನ್ನ ಹಚ್ಚಿ ಕಾವಲ ಕುಂದ್ರಸತಿದ್ಲು. ಆಕಿ ಕೈಯಾಗ ಒಂದ ಕಡಬು ಒಡದದ್ದು ನಾವ್ಯಾರೂ ಕಂಡಿಲ್ಲ" ಎಂದರು.

ಹಾಗಾದರೆ ಮಾವನ ಕಣ್ಣು ಕಣ್ಣಲ್ಲವೇ ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಹೊಸ ಸೊಸೆ, ನುಂಗಿಕೊಂಡೆ. ಮಾವ ತಲೆ ಎತ್ತದೆ, ಹಾಕಿದ್ದನ್ನು ಪೂರ್ತಿ ಉಂಡು ಎದ್ದು ಹೋದರು. ನನಗೆ ಅವಮಾನವಾಗಿತ್ತು, ಅದಕ್ಕಿಂತ ಹೆಚ್ಚು ಸಿಟ್ಟು ಬಂದಿತ್ತು. ಕಾಣದ ಅತ್ತೆಯ ಮೇಲೆ ಸಿಟ್ಟು ಮಾಡಿಕೊಂಡ ಸೊಸೆ ಪ್ರಪಂಚದಲ್ಲಿ ನಾನೊಬ್ಬಳೇ ಇರಬೇಕು.

ಮರುವರ್ಷ ಪಂಚಮಿ ಬಂತು. ಎಲ್ಲರೂ ಜೋಕಾಲಿಯ ಕಡೆಗೆ ಹೋದರು. ನಾನು ಹೂರಣ ರುಬ್ಬಿಟ್ಟುಕೊಂಡು ದೇವರ ಹೆಸರು ಹೇಳುತ್ತ ಲಟ್ಟಿಸಲು ಕೂತಿದ್ದೆ. ಮಾವ ಅಡಿಗೆಮನೆಗೆ ಬಂದರು. ಬಂದು, ಬಾಗಿಲು ಹಾಕಿ, ಒಳಗಿನಿಂದ ಚಿಲಕ ಹಾಕಿದರು.

ಆ ಕಾಲದಲ್ಲಿ ಸೊಸೆ ಮಾವನೆದುರು ಕೂರುವಂತಿರಲಿಲ್ಲ, ನೇರವಾಗಿ ಮಾತಾಡುವಂತಿರಲಿಲ್ಲ. ಅವರಿಗೆ ನೀರು ಬೇಕಾದರೆ ಗೋಡೆಗೆ ಹೇಳುವವರಂತೆ "ನೀರ ಬೇಕಾಗಿತ್ತು" ಎನ್ನುತ್ತಿದ್ದರು, ನಾನು ತಲೆಯ ಮೇಲೆ ಸೆರಗು ಹೊದ್ದು ತಂಬಿಗೆ ಇಟ್ಟು ಬರುತ್ತಿದ್ದೆ. ಒಂದು ವರ್ಷದಲ್ಲಿ ನಮ್ಮ ನಡುವೆ ಆದ ಮಾತು ಅಷ್ಟೇ. ನಾನು ಎದ್ದು ಗೋಡೆಗೆ ಅಂಟಿಕೊಂಡು ನಿಂತೆ. ಅವರು ಕೈ ತೊಳೆದುಕೊಂಡರು, ನನ್ನ ಮಣೆಯ ಮುಂದೆ ಕೂತರು, ನಾನು ಲಟ್ಟಿಸಿಟ್ಟಿದ್ದನ್ನು ಎತ್ತಿ ಎಡಗೈಯಲ್ಲಿ ಹಾಸಿಕೊಂಡರು. ಹೂರಣ ಇಟ್ಟರು, ಮಡಚಿದರು, ಹೆಬ್ಬೆರಳು ತೋರುಬೆರಳಿನಿಂದ ಅಂಚು ಹೊಸೆಯತೊಡಗಿದರು.

ಮಾವ ಸೀರೆ ನೇಯುವವರು. ನಮ್ಮೂರ ಸೀರೆಯಲ್ಲಿ ಸೆರಗಿನ ರೇಷ್ಮೆಯ ಎಳೆಗಳನ್ನು ಒಡಲಿನ ನೂಲಿನ ಎಳೆಗಳಿಗೆ ಒಂದೊಂದಾಗಿ ಕುಣಿಕೆ ಹಾಕಿ ಜೋಡಿಸಬೇಕು. ಆ ಕೆಲಸದಲ್ಲಿ ಅವರ ಕೈ ಓಣಿಗೆಲ್ಲ ಹೆಸರಾಗಿತ್ತು. ಅದೇ ಕೈ ಈಗ ಹಿಟ್ಟಿನ ಅಂಚನ್ನು ಸಣ್ಣ ಸಣ್ಣ ಮುರಿಗಳಾಗಿ ಹೊಸೆಯುತ್ತ ಹೋಯಿತು. ಒಂದು ಮುರಿ ದೊಡ್ಡದಿಲ್ಲ, ಒಂದು ಸಣ್ಣದಿಲ್ಲ. ನಾನು ಭಯ ಮರೆತು ಬಗ್ಗಿ ನೋಡುತ್ತಿದ್ದೆ.

"ಕುಂದ್ರಯವ್ವಾ," ಎಂದರು. ಅವರು ನೇರವಾಗಿ ನನಗೇ ಆಡಿದ ಮೊದಲ ಮಾತು ಅದು. "ನಿಮ್ಮತ್ತಿಗೂ ಬರತಿದ್ದಿಲ್ಲ."

ನಾನು ಸೆರಗು ಎಳೆದುಕೊಂಡು ಮಣೆಯ ಆಚೆಗೆ ಕೂತೆ.

ಆಮೇಲೆ ತಿಳಿದದ್ದು ಇಷ್ಟು. ಅತ್ತೆ ಮದುವೆಯಾಗಿ ಬಂದ ವರ್ಷ ಅವರ ಕಡಬೂ ನನ್ನವುಗಳಂತೆಯೇ ಒಡೆದಿದ್ದವು. ಅವರ ಅತ್ತೆ ನಾಲಿಗೆಯಲ್ಲೇ ಕೊಲ್ಲುವ ಹೆಂಗಸು, ಓಣಿಗೆಲ್ಲ ಸಾರಿ ಬಂದರು. ಮರುವರ್ಷ ಹಬ್ಬದ ದಿನ ಹೆಂಡತಿ ಒಲೆಯ ಮುಂದೆ ಅಳುತ್ತ ಕೂತದ್ದನ್ನು ನೋಡಲಾರದೆ ಮಾವ ಬಾಗಿಲು ಹಾಕಿ ತಾವೇ ತುಂಬಿದರು. ಗಂಡಸು ಕಡಬು ತುಂಬಿದ್ದು ಹೊರಗೆ ಗೊತ್ತಾದರೆ ಇಬ್ಬರ ಮಾನವೂ ಹೋಗುತ್ತಿತ್ತು. ಕಣ್ಣು ಬಿದ್ದರೆ ಒಡೆಯುತ್ತವೆ ಎಂಬ ಶಾಸ್ತ್ರವನ್ನು ಅತ್ತೆ ಅವತ್ತೇ ಹುಟ್ಟಿಸಿದ್ದು. ಎಂಥ ಜಾಣೆ! ಮೂವತ್ತು ವರ್ಷ ಅದು ನಡೆಯಿತು, ಪಕ್ಕದ ಮನೆಯವರೂ ನಂಬಿ ತಮ್ಮ ಬಾಗಿಲು ಹಾಕಿಕೊಳ್ಳತೊಡಗಿದ್ದರಂತೆ.

"ಹೂರಣ ಆಕೀದು," ಎಂದರು ಮಾವ. "ಬೆಣ್ಣಿ ಕಾಸೂದು ಆಕೀದು. ಅಂಚಷ್ಟ ನಂದು. ಸಾಯೂ ಮುಂದ ಇದೊಂದ ಮಾತ ತಗೊಂಡಾಳ, ಹುಡಿಗ್ಯಾರಿಗೆ ಗೊತ್ತಾಗಬಾರದು ಅಂತ. ನೀನೂ ಯಾರ ಮುಂದ ಅನಬ್ಯಾಡ." ಆಗಲಿ ಎಂದು ಗೋಣು ಹಾಕಿದೆ.

ಬೆಣ್ಣೆ ಕಾಸುವುದನ್ನೂ ಅವರೇ ಹೇಳಿಕೊಟ್ಟರು. ಒಂದು ವೀಳ್ಯದೆಲೆ, ಎರಡು ಏಲಕ್ಕಿ ಹಾಕಿ ಸಣ್ಣ ಉರಿಯಲ್ಲಿಡಬೇಕು. ಪೂರ್ತಿ ತುಪ್ಪವಾಗುವ ತನಕ ಕಾಯಬಾರದು, ನೊರೆ ಏಳುತ್ತಿದ್ದಂತೆ ಇಳಿಸಿ, ಕಡಬು ಮುರಿದು ಅದರ ಬಾಯಿಗೇ ಸುರಿಯಬೇಕು.

ಆ ದಿನ ಒಂದೂ ಒಡೆಯಲಿಲ್ಲ. ಹುನಗುಂದದ ಅಕ್ಕ ಒಂದನ್ನು ಕೈಯಲ್ಲಿ ಹಿಡಿದು ಅಂಚನ್ನು ತಿರುಗಿಸಿ ತಿರುಗಿಸಿ ನೋಡಿದರು. "ಚಲೋ ಆಗ್ಯಾವ. ಆದ್ರೂ ನಮ್ಮವ್ವನ ಕೈಯ ಬ್ಯಾರೆ ಬಿಡು," ಎಂದರು. ಮಾವನಿಗೆ ಕೆಮ್ಮು ಬಂತು. ನಾನು ನಗು ತಡೆಯಲಾರದೆ ನೀರು ತರುವ ನೆಪ ಮಾಡಿ ಒಳಗೆ ಓಡಿದೆ.

ಎರಡು ಮೂರು ವರ್ಷದಲ್ಲಿ ನನ್ನ ಕೈ ಕುದುರಿತು. ಆದರೂ ಪಂಚಮಿ ದಿನ ಮಾವ ಬಂದು ಬಾಗಿಲು ಹಾಕಿ ಕೂರುವುದನ್ನು ಬಿಡಲಿಲ್ಲ. ವರ್ಷವಿಡೀ ಗೋಡೆಗೆ ಮಾತಾಡುವ ಮನುಷ್ಯ ಅಂದು ನನ್ನ ಜೊತೆ ಮನಸ್ಸು ಬಿಚ್ಚುತ್ತಿದ್ದರು. ಒಮ್ಮೆ ಹೇಳಿದರು, "ದೊಡ್ಡಾಕಿ ನನ್ನ ಕೂಡ ಮಾತಾಡೂದಿಲ್ಲ ನೋಡವಾ. ಸಣ್ಣ ಹುಡುಗಿ ಇದ್ದಾಗ ನನ್ನ ಹೆಗಲ ಬಿಟ್ಟ ಇಳೀತಿದ್ದಿಲ್ಲ."

ಅದು ನಾನೂ ಕಂಡದ್ದೇ. ಹುನಗುಂದದ ಅಕ್ಕ ತವರಿಗೆ ಬಂದರೆ ಅಪ್ಪನ ಕಾಲು ಮುಟ್ಟುವರು, ಅಲ್ಲಿಗೆ ಮುಗಿಯಿತು. ಅವ್ವ ಹಾಸಿಗೆ ಹಿಡಿದಾಗ ಅಪ್ಪ ಮಗ್ಗ ಬಿಟ್ಟು ಏಳಲಿಲ್ಲ, ಅವ್ವ ಒಲೆಯ ಮುಂದೆ ಸವೆದು ಹೋದಳು, ಅಪ್ಪ ಒಂದು ದಿನ ಕೈ ಹಚ್ಚಲಿಲ್ಲ, ಇದು ಅವರ ಸಂಕಟ. ಮಾವನ ಬಾಯಿಂದ ಕೇಳಿದ್ದು ಬೇರೆ. "ಮಗ್ಗದಾಗ ಕುಂತ್ರ ಆಕಿ ಕೆಮ್ಮು ಕೇಳತಿದ್ದಿಲ್ಲ. ಅದನ್ನ ಕೇಳೂದು ನನ್ನ ಕೈಲೆ ಆಗತಿದ್ದಿಲ್ಲವಾ," ಎಂದಿದ್ದರು.

"ಕಡಬಿನ ಸಂಗತಿ ಹೇಳಿಬಿಡ್ರಲಾ ಮಾವಾರ. ಅಕ್ಕಾರ ಮನಸ್ಸು ಕರಗತೈತಿ," ಎಂದೆ.

"ಆಕಿ ಹೆಸರ ಕೆಡಿಸಿ ನನ್ನ ಹೆಸರ ಮಾಡಕೊಳ್ಳಲ್ಯಾ?" ಎಂದರು.

ಎಂಬತ್ತರ ದಶಕ ಬಂತು. ಕಣ್ಣು ಮಂಜಾಗಿ ಮಾವ ಮಗ್ಗ ಬಿಟ್ಟಿದ್ದರು. ಆ ವರ್ಷ ಪಂಚಮಿಗೆ ಎಲ್ಲರೂ ಪಡಸಾಲೆಯಲ್ಲಿ ಸಾಲಾಗಿ ಕೂತಿದ್ದರು. ನಾನು ಬಿಸಿಬಿಸಿ ತಂದು ಹಾಕುತ್ತಿದ್ದೆ. ಮಾವ ತಾಟು ಮುಂದೆ ಮಾಡಿ "ಇನ್ನೊಂದ ಹಾಕವಾ" ಎಂದರು.

"ಹಾಕು, ಹಾಕು," ಎಂದರು ಹುನಗುಂದದ ಅಕ್ಕ, ಅಪ್ಪನ ಮುಖ ನೋಡದೆ. "ಕುಂತ ತಿನ್ನೂದರಾಗ ನಮ್ಮಪ್ಪಂದು ಎತ್ತಿದ ಕೈ. ಮೊದಲ ನಮ್ಮವ್ವ ಮಾಡಿ ಹಾಕಿದ್ಲು, ಈಗ ನೀ ಮಾಡಿ ಹಾಕತಿ. ಅವ್ವ ಒಲಿ ಮುಂದ ಒಬ್ಬಾಕೀನ ದುಡದ ಸಾಯೂವಾಗ ಬಾಗಲಕ್ಕ ಬೆನ್ನ ಹಚ್ಚಿ ಕುಂತಾಂವ ಇಂವ. ಒಂದ ಕಡಬಿಗೆ ಕೈ ಹಚ್ಚ್ಯಾನೇನು ಕೇಳು."

ಮಾವನ ತಾಟು ಹಾಗೇ ಗಾಳಿಯಲ್ಲಿ ನಿಂತಿತು. ಅದನ್ನು ನೋಡಿ ನನ್ನ ತಲೆ ಕೆಟ್ಟಿತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಸುಳ್ಳೇಕೆ ಹೇಳಲಿ? ಕೊಟ್ಟ ಮಾತು ಗೀತು ಎಲ್ಲ ಮರೆತೆ.

"ಇಷ್ಟ ವರ್ಷ ನೀವು ತಿಂದ ಕಡಬು ಯಾರ ಕೈಯಾವಂತ ತಿಳದೀರಿ ಅಕ್ಕಾರ? ಅತ್ತಿಯಾರಿಗೆ ಅಂಚು ಮುಚ್ಚಾಕ ಬರತಿದ್ದಿಲ್ಲ. ಬಾಗಲಾ ಹಾಕ್ಕೊಂಡು ತುಂಬತಿದ್ದವರು ಇವರು. ನನಗ ಕಲಿಸಿದವರೂ ಇವರ!"

ಮಾವ ತಾಟನ್ನು ನಿಧಾನವಾಗಿ ಕೆಳಗಿಟ್ಟರು.

"ಸುಳ್ಳು," ಎಂದರು. "ಗಂಡಸರು ಎಲ್ಲೆರ ಕಡಬು ತುಂಬತಾರೇನು? ಅದು ನಿಮ್ಮವ್ವನ ಕೈ."

ಹುನಗುಂದದ ಅಕ್ಕನ ಕಣ್ಣಲ್ಲಿ ನೀರು ಬಂತು. "ಸತ್ತಾಕಿ ಹೆಸರಿಗೂ ಕೈ ಹಾಕಿದ್ಯಾ ತಂಗಿ? ನಾಲಿಗಿ ಹೆಂಗ ಬಂತು ನಿನಗ?" ಎಂದರು. ನನ್ನ ಗಂಡ ತಲೆ ತಗ್ಗಿಸಿ "ಇದೇನ ಮಾತು ನಿಂದು" ಎಂದು ಗೊಣಗಿದರು. ನಾನು ಯಾರ ಪರವಾಗಿ ಬಾಯಿ ತೆಗೆದೆನೋ ಅವರೇ ನನ್ನನ್ನು ಎಲ್ಲರೆದುರು ಸುಳ್ಳುಗಾತಿ ಮಾಡಿದ್ದರು. ಮೈಯೆಲ್ಲ ಉರಿಯಿತು. ಒಳಗೆ ಹೋಗಿ, ಉಳಿದ ಹಿಟ್ಟಿನಲ್ಲಿ ಒಂದು ಉಂಡೆ ಲಟ್ಟಿಸಿ, ಹೂರಣದ ಜೊತೆ ತಂದು ಮಾವನ ಮುಂದೆ ಕುಕ್ಕಿದೆ.

"ತುಂಬ್ರಿ ಮತ್ತ. ಯಾರದು ಸುಳ್ಳು ಅನ್ನೂದು ಎಲ್ಲಾರಿಗೂ ಗೊತ್ತಾಗ್ಲಿ."

ನನಗೆ ಧೈರ್ಯವಿತ್ತು. ಬಾಯಿ ಸುಳ್ಳು ಹೇಳಬಹುದು, ಇಷ್ಟು ವರ್ಷ ಪಳಗಿದ ಬೆರಳು ಎಲ್ಲಿ ಹೇಳುತ್ತವೆ?

ಮಾವ ಅದನ್ನು ಎಡಗೈಗೆ ತೆಗೆದುಕೊಂಡರು. ಹೂರಣ ಇಟ್ಟು ಮಡಚಿದರು. ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಹೊಸೆಯಲು ಹೋಯಿತು. ಒಂದು ಮುರಿ, ಎರಡು ಮುರಿ, ಅದೇ ಬಿಗಿ, ಅದೇ ಅಳತೆ. ಬಗ್ಗಿ ನಿಂತ ನನಗೆ ಮಾತ್ರ ಅದು ಕಂಡದ್ದು. ಬೆರಳು ಅಲ್ಲೇ ನಿಂತಿತು. ಅವರು ಒಮ್ಮೆ ತಲೆ ಎತ್ತಿ ನನ್ನನ್ನು ನೋಡಿದರು. ಆಮೇಲೆ ಇಡೀ ಮುಷ್ಟಿಯಿಂದ ಅದನ್ನು ಗಟ್ಟಿಯಾಗಿ ಹಿಚುಕಿದರು.

ಹೂರಣ ಬೆರಳುಗಳ ಸಂದಿಯಿಂದ ಪಿಚಕ್ಕನೆ ಹೊರಬಂದು ಮುಂಗೈ ಮೇಲಿಂದ ಧೋತರಕ್ಕೆ ಬಿತ್ತು. ಮಾವ ಆ ಮುದ್ದೆಯನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಹಿಡಿದು, "ನೋಡ್ರಿ. ಇಂಥಾವು ತಿಂದಿದ್ರೇನು ನೀವು?" ಎಂದರು.

ಮೊದಲು ಮಕ್ಕಳು ನಕ್ಕವು. ಆಮೇಲೆ ಕೆರೂರಿನ ಅಕ್ಕ. ಹುನಗುಂದದ ಅಕ್ಕ ಬಾಯಿಗೆ ಸೆರಗು ಒತ್ತಿ ತಡೆಯಲು ನೋಡಿದರು, ಆಗಲಿಲ್ಲ. ಕಣ್ಣೀರಿನ ಜೊತೆಗೇ ನಗು ನುಗ್ಗಿ ಬಂತು. "ಯಪ್ಪಾ! ಇದೇನೋ ನೀ ಮಾಡಿದ್ದು! ನನ್ನ ಸಣ್ಣ ಹುಡುಗಿ ಸುದ್ದಾ ಇದಕಿಂತ ಚಲೋ ಮಾಡತಾಳ," ಎಂದರು.

ಅಪ್ಪನ ಮುಖ ನೋಡಿ, ಅಪ್ಪನಿಗೇ ಹೇಳಿದರು. ಇಷ್ಟು ವರ್ಷದಲ್ಲಿ ನಾನು ಅದನ್ನು ಕೇಳಿರಲಿಲ್ಲ. ಎದ್ದು ಹತ್ತಿರ ಹೋದರು, ತಮ್ಮ ಸೆರಗಿನಿಂದಲೇ ಅವರ ಕೈಗೆ ಮೆತ್ತಿದ್ದನ್ನು ಒಂದೊಂದೇ ಬೆರಳು ಹಿಡಿದು ಒರೆಸಿದರು. ನನ್ನ ಪಕ್ಕದಲ್ಲಿದ್ದ ಬೆಣ್ಣೆಯ ಬಟ್ಟಲು ಎಳೆದುಕೊಂಡು, ತಾಟಿಗೆ ಬಿಸಿ ಕಡಬು ಹಾಕಿ, ಮುರಿದು, ಸುರಿದರು. "ಊದಿಕೊಂಡ ತಿನ್ನು, ಸುಟಕೊಂಡೀ," ಎಂದು ಗದರಿದರು. ಮಾವ ಸಣ್ಣ ಹುಡುಗನಂತೆ ಊದಿ ಊದಿ ತಿಂದರು, ನನ್ನ ಕಡೆ ತಿರುಗಿ ನೋಡಲಿಲ್ಲ.

ಆ ಮನೆತನಕ್ಕೆ ನಾನು ಅವತ್ತಿನಿಂದ ಸತ್ತವರ ಮೇಲೆ ಸುಳ್ಳು ಹೇಳಿದವಳು, ಈಗಲೂ ಹಾಗೇ ಇದ್ದೇನೆ. ಅಂದು ಒಲೆಯ ಮುಂದೆ ಹೋಗಿ ಕೂತಾಗ ನನಗೆ ಅಳು ಬಂತು. ಸುಳ್ಳುಗಾತಿ ಅನ್ನಿಸಿಕೊಂಡು ಅಷ್ಟು ಸಂತೋಷಪಟ್ಟ ದಿನ ನನಗೆ ಮತ್ತೊಂದು ಬರಲಿಲ್ಲ.