ತಾತನ ಕೋವಿಗೆ ಹೊಸ ನಳಿಗೆ

ಡಾಕ್ಟರಮ್ಮನ ಬಲಭುಜ ಎಡಭುಜಕ್ಕಿಂತ ಒಂದು ಬೆರಳಷ್ಟು ಇಳಿದಿತ್ತು. ಕಾರ್ಡಿಗನ್ ಸದಾ ಆ ಕಡೆಯಿಂದ ಜಾರುತ್ತಿತ್ತು. ಮಾತು ನಿಲ್ಲಿಸದೆ ಅದನ್ನು ಮೇಲಕ್ಕೆ ಎಳೆದುಕೊಳ್ಳುತ್ತಿದ್ದರು. ಇಂಗ್ಲೆಂಡಿನ ಸೊಲಿಹಲ್‌ನಲ್ಲಿ ಅವರದು ನಮ್ಮ ಪಕ್ಕದ ಮನೆ. ಕೊಡಗಿನವರು, ಅಲ್ಲಿ ಜಿಪಿ ಎನ್ನುವ ಬಡಾವಣೆಯ ಡಾಕ್ಟರು. ಮದುವೆಯಾಗಿ ಮೈಸೂರಿನಿಂದ ಬಂದ ಹೊಸತರಲ್ಲಿ ನನಗೆ ಕಾರು ಕಲಿಸಿದವರು ಅವರೇ. ಸಿಗ್ನಲ್‌ನಲ್ಲಿ ನಾನು ಸ್ಟೀರಿಂಗ್ ಬಿಗಿಹಿಡಿದು ಕೂತರೆ, "ಉಸಿರು ಬಿಡು. ರಸ್ತೆ ಎಲ್ಲೂ ಓಡಿಹೋಗಲ್ಲ" ಎನ್ನುತ್ತಿದ್ದರು. ಈಗ ಅವರಿಲ್ಲ. ನಾನು ಲೀಡ್ಸ್‌ವರೆಗೂ ಒಬ್ಬಳೇ ಓಡಿಸಿಕೊಂಡು ಹೋಗುತ್ತೇನೆ.

ನಾನಿನ್ನೂ ಕಲಿಯುತ್ತಿದ್ದಾಗಲೇ ಅವರ ಯಜಮಾನರಿಗೆ ಹೊಟ್ಟೆಯ ಕ್ಯಾನ್ಸರ್ ಎಂದು ಗೊತ್ತಾಯಿತು. ಒಂದು ಸಂಜೆ ಸಾರು ಕೊಡಲು ಹೋದಾಗ ಯಜಮಾನರು ನಗುತ್ತಲೇ ಹೇಳಿದರು: "ನಮ್ಮೂರಲ್ಲಿ ಯಾರಾದ್ರೂ ತೀರಿಕೊಂಡ್ರೆ ಮನೆ ಕೋವಿಯಿಂದ ಜೋಡಿ ಗುಂಡು ಹೊಡೀತಾರಮ್ಮ. ಕೇಳಿದವರು ಕೈಲಿದ್ದ ಕೆಲಸ ಬಿಟ್ಟು ಬರ್ತಾರೆ. ಇಲ್ಲಿ ನಾನು ಹೋದ್ರೆ ಯಾರಿಗೆ ಗೊತ್ತಾಗುತ್ತೆ?"

ನಾನೂ ನಕ್ಕೆ. ಡಾಕ್ಟರಮ್ಮ ನಗಲಿಲ್ಲ.

ಯಜಮಾನರ ತಾತನ ಬೇಟೆಕೋವಿ ಮನೆಯ ಕಬ್ಬಿಣದ ಕಪಾಟಿನಲ್ಲಿತ್ತು. ಅದಕ್ಕೆ ಹೊಂದುವ ತೋಟಾಗಳನ್ನು ಯಾರೂ ತಯಾರಿಸುತ್ತಿರಲಿಲ್ಲ. ಹೊಸ ನಳಿಗೆ ಹಾಕಿಸಿ, ಅಂಗಡಿಯಲ್ಲಿ ಸಿಗುವ ಅಳತೆಯ ತೋಟಾಗೆ ಅದನ್ನು ಬದಲಾಯಿಸಬೇಕೆಂದು ಡಾಕ್ಟರಮ್ಮ ಹಟ ಹಿಡಿದರು. ಪೊಲೀಸರ ಅನುಮತಿ ಪಡೆದರು. ಅವರ ಪೇಷೆಂಟ್ ಆಗಿದ್ದ ರೈತನೊಬ್ಬ ಲೆಮಿಂಗ್ಟನ್ ಸ್ಪಾ ಆಚೆ ತನ್ನ ಹೊಲದಲ್ಲಿ ಆ ಜೋಡಿ ಗುಂಡು ಹಾರಿಸಿಕೊಳ್ಳಿ ಎಂದ.

ಬರ್ಮಿಂಗ್‌ಹ್ಯಾಮ್‌ಗೆ ಕೋವಿ ಒಯ್ದ ದಿನ ಕಾರು ಓಡಿಸಿದ್ದು ನಾನು.

ಕೋವಿ ರಿಪೇರಿಯವನು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. "ನಳಿಗೆ ಬದಲಾಯಿಸಬಹುದು. ಆದರೆ ಆಮೇಲೆ ಜೋರು ಮದ್ದಿನ ತೋಟಾ ಹಾರಿಸಿ ಪರೀಕ್ಷೆ ಮಾಡುತ್ತಾರೆ. ಇದು ಹಳೆಯ ಉಕ್ಕು, ತಡೆಯದೇ ಇರಬಹುದು. ಹೀಗೇ ಇಟ್ಟುಕೊಳ್ಳಿ."

"ಎಷ್ಟು ಬೇಗ ಆಗುತ್ತೆ?" ಎಂದಷ್ಟೇ ಕೇಳಿದರು ಡಾಕ್ಟರಮ್ಮ.

ಅಲ್ಲಿಂದಾಚೆ ಅವರಿಗೆ ಬೇರೆ ಧ್ಯಾನವೇ ಇರಲಿಲ್ಲ. ಪೇಷೆಂಟ್‌ಗಳ ನಡುವೆ ಫೋನ್, ಊಟದ ಹೊತ್ತಿಗೆ ಫೋನ್. ಭಾನುವಾರ ನನ್ನನ್ನು ಟಿವಿಡೇಲ್ ದೇವಸ್ಥಾನಕ್ಕೆ ಕರೆದೊಯ್ದವರು ಒಳಗೆ ಬಾರದೆ ಕಾರಿನಲ್ಲೇ ಕೂತರು. "ದೇವರ ಹತ್ರ ಏನು ಕೇಳಲಿ? ಸ್ಕ್ಯಾನ್ ನಾನೇ ನೋಡಿದ್ದೀನಿ. ಇದೊಂದಾದ್ರೂ ನನ್ನ ಕೈಲಾಗಲಿ" ಎಂದರು.

ಯಜಮಾನರನ್ನು ಕೊನೆಗಾಲದ ರೋಗಿಗಳ ಆರೈಕೆಯ ಹಾಸ್ಪಿಸ್‌ಗೆ ಸೇರಿಸಿದ ವಾರವೇ ರಿಪೇರಿಯವನ ಫೋನ್ ಬಂತು. ಹೊಸ ನಳಿಗೆಗೆ ಏನೂ ಆಗಿರಲಿಲ್ಲ. ಪರೀಕ್ಷೆಯ ಗುಂಡಿಗೆ, ನಳಿಗೆ ಕೂರುವ ಹಳೆಯ ಉಕ್ಕಿನ ಭಾಗವೇ ಸೀಳಿತ್ತು. ಆ ಕೋವಿಯಿಂದ ಇನ್ನೆಂದೂ ಗುಂಡು ಹಾರಿಸುವಂತಿರಲಿಲ್ಲ.

ಡಾಕ್ಟರಮ್ಮ ನಮ್ಮ ಅಡುಗೆಮನೆಗೆ ಬಂದು, ಕೋಟು ಬಿಚ್ಚದೆ ಕೂತರು. "ಅವನು ಮೊದಲೇ ಹೇಳಿದ್ದ ಕಣೇ. ತಾತನ ಕೋವಿಯನ್ನ ನಾನೇ ಒಡೆಸಿದೆ."

"ಆ ರೈತನ ಬಂದೂಕು ಕೇಳೋಣ?"

"ಅದು ಇವರ ಮನೇದಲ್ಲವಲ್ಲ."

ಹಾಸ್ಪಿಸ್‌ನಲ್ಲಿ ಯಜಮಾನರು ಕಣ್ಣು ತೆರೆದು, "ಕೋವಿ ಬಂತಾ?" ಎಂದರು. ಯಾವ ಪೇಷೆಂಟ್‌ಗೂ ಸುಳ್ಳು ಹೇಳದ ಡಾಕ್ಟರಮ್ಮ, "ಬಂತು, ಚೆನ್ನಾಗಿದೆ" ಎಂದು ಅವರ ಅಂಗಾಲು ಒತ್ತುತ್ತಾ ಕೂತರು.

ಅದಾದ ಎರಡನೆಯ ದಿನ ಬೆಳಿಗ್ಗೆ ಯಜಮಾನರು ಹೋದರು.

ಮನೆಗೆ ಬಂದವರೇ ಡಾಕ್ಟರಮ್ಮ ಕೊಡಗಿಗೆ, ಮೈದುನನಿಗೆ ಫೋನ್ ಹಚ್ಚಿದರು. ಅಲ್ಲಿಯ ಮನೆ ಕೋವಿಯಿಂದ ಅಂಗಳದಲ್ಲಿ ಗುಂಡು ಹೊಡೆಯುವುದನ್ನು ಇಲ್ಲಿಂದ ಕೇಳಬೇಕೆಂದರು. ರಿಸೀವರ್‌ಗೆ ನಾವಿಬ್ಬರೂ ಕಿವಿಯಿಟ್ಟೆವು. ಬರೀ ಗೊರಗೊರ ಸದ್ದು. ಮೈದುನ ಮತ್ತೆ ಫೋನಿಗೆ ಬಂದು ಕೊಡವ ಭಾಷೆಯಲ್ಲಿ ಏನೋ ಕೇಳಿದ. ಇವರು ಉತ್ತರಿಸುತ್ತಾ ಅಂಗಲಾಚುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿದರು.

"ಹೊಡೆದಾಯ್ತಂತೆ. ನಂಗೆ ಕೇಳಿಸಲಿಲ್ಲ, ಇನ್ನೊಮ್ಮೆ ಹೊಡಿ ಅಂದೆ. ಆಗಲ್ಲವಂತೆ. ಮತ್ತೆ ಹೊಡೆದರೆ ಇನ್ನೊಬ್ಬರು ಹೋದ್ರು ಅಂದ್ಕೋತಾರಂತೆ."

ರಿಸೀವರ್ ಕೆಳಗಿಡಿ ಎಂದು ನಾನು ಕೈ ಚಾಚಿದೆ. ಅವರು ಕೊಡಲಿಲ್ಲ. ಸ್ವಲ್ಪ ಹೊತ್ತಿಗೆ ಆ ತುದಿಯಲ್ಲಿ ನಾಯಿ ಬೊಗಳಿತು. ಯಾರೋ ಯಾರನ್ನೋ ಕೂಗಿದರು. ಆಮೇಲೆ ಒಂದೊಂದಾಗಿ ದನಿಗಳು.

"ಜನ ಬರ್ತಾ ಇದ್ದಾರೆ," ಎಂದರು ಡಾಕ್ಟರಮ್ಮ. ಅಷ್ಟು ತಿಂಗಳಲ್ಲಿ ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.