ಕೈ ಕಟ್ಟಿ ನಿಲ್ಲುವ ಕೆಲಸ

ಆರು ಗಂಟೆಗೆ ಇನ್ನೂ ಹತ್ತು ನಿಮಿಷವಿದೆ. ಅಡುಗೆಮನೆಯ ಕಿಟಕಿಗಾಜಿನ ಮೇಲೆ ಮಂಜು ಕಟ್ಟಿದೆ. ಆಚೆಯ ಬೀದಿದೀಪ ಅದರೊಳಗೆ ಕಳಿತ ಕಿತ್ತಳೆಯಂತೆ ತೇಲುತ್ತಿದೆ. ಒಲೆಯ ಮುಂದೆ ನಲವತ್ತೆರಡರ ಗಂಡಸೊಬ್ಬ ಪಾತ್ರೆ ಹಿಡಿದು ನಿಂತಿದ್ದಾನೆ. ಅವನಿಂದ ಎರಡು ಹೆಜ್ಜೆ ಹಿಂದೆ, ಎದೆಗೆ ಕೈ ಕಟ್ಟಿಕೊಂಡು, ಚಿಕ್ಕಮ್ಮ.

ನಲ್ಲಿಗೆ ಪಾತ್ರೆ ಹಿಡಿದವನೇ ಅವನು ರಾತ್ರಿಯ ಕನಸು ಹೇಳಲು ಶುರುಮಾಡುತ್ತಾನೆ. "ಬಸ್ಸಿತ್ತು ಚಿಕ್ಕಮ್ಮ. ಚಕ್ರ ಇರ್ಲಿಲ್ಲ. ಕೆಳಗೆಲ್ಲಾ ನೀರು. ನಾನೇ ಓಡಿಸ್ತಿದ್ದೆ." ಪಾತ್ರೆ ತುಂಬಿ ಕೈಮೇಲೆ ಹರಿಯುತ್ತಿದ್ದರೂ ಅವನಿಗೆ ಪರಿವೆಯಿಲ್ಲ. ಬಸ್ಸಿನಡಿಯ ನೀರೂ ನಲ್ಲಿಯ ನೀರೂ ಅವನಿಗೀಗ ಒಂದೇ ಆಗಿವೆ.

ಚಿಕ್ಕಮ್ಮ ನಲ್ಲಿಗೆ ಕೈಹಾಕುವುದಿಲ್ಲ. "ಆಮೇಲೆ?" ಎನ್ನುತ್ತಾರೆ, ಅಷ್ಟೆ. ಅವನು ನಿದ್ದೆಯಿಂದ ಎದ್ದವನ ಹಾಗೆ ಕಣ್ಣು ಪಿಳುಕಿಸಿ, ನಲ್ಲಿ ನಿಲ್ಲಿಸಿ, ಹೆಚ್ಚಾದ ನೀರು ಚೆಲ್ಲುತ್ತಾನೆ.

ಈ ಮನೆಯಲ್ಲಿ ಅವನ ಹೆಸರು ರೇಡಿಯೊ. ಕಣ್ಣು ಬಿಟ್ಟ ಕೂಡಲೇ ಪ್ರಸಾರ ಶುರು. ಬುದ್ಧಿ ನಿಧಾನವೆಂದು ವೈದ್ಯರು ಬರೆದುಕೊಟ್ಟಿದ್ದಾರೆ. ಕನಸು ಹೇಳುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಒಂದು ಲೋಟ ಚಹಾಕ್ಕೆ ಅವನಿಗೆ ನಲವತ್ತು ನಿಮಿಷ ಬೇಕು. ಆ ನಲವತ್ತು ನಿಮಿಷವೂ ಚಿಕ್ಕಮ್ಮ ನಿಂತಿರುತ್ತಾರೆ. "ನಾನೇ ಮಾಡಿದ್ರೆ ಐದು ನಿಮಿಷದ ಕೆಲಸ. ಮಾಡದೆ ಇರೋದೇ ಕಷ್ಟ. ಕೈ ತುರಿಸ್ತಾ ಇರುತ್ತೆ, ಅದಕ್ಕೇ ಕಟ್ಕೊಂಡು ನಿಲ್ಲೋದು" ಎಂದು ನಗುತ್ತಾರೆ.

ಬೀದಿಯ ಕೊನೆಯ ಈ ಸಣ್ಣ ಮನೆಯಲ್ಲಿ ನಾಲ್ವರಿದ್ದಾರೆ. ರೇಡಿಯೊ, ಗಾಲಿಕುರ್ಚಿಯ ಮಹಾರಾಣಿ, ಮತ್ತು ಕಣ್ಣು ಕಾಣದ ಅವಳಿ ಅಣ್ಣತಮ್ಮಂದಿರು. ಬಾಡಿಗೆ ಸರಕಾರದ್ದು. ಯಾರಿಗೆ ದಿನಕ್ಕೆ ಎಷ್ಟು ಗಂಟೆ ನೆರವು ಬೇಕೆಂದು ಇಲಾಖೆ ವರ್ಷಕ್ಕೊಮ್ಮೆ ಅಳೆದು, ಅಷ್ಟು ಗಂಟೆಗೆ ಅನುದಾನ ಕೊಡುತ್ತದೆ. ಆ ಗಂಟೆಗಳೇ ಚಿಕ್ಕಮ್ಮನ ಕೆಲಸ; ನೆಂಟಸ್ತಿಕೆಯಿಲ್ಲ, ಮನೆಯವರು ಕರೆಯುವ ಹೆಸರದು. ಐವತ್ತನಾಲ್ಕರ ಅವರು ನಾಲ್ಕಕ್ಕೇ ಏಳುತ್ತಾರೆ, ಎರಡು ಬಸ್ಸು ಬದಲಿಸಿ ಬರುತ್ತಾರೆ. ಇಪ್ಪತ್ತೆರಡು ಮಾತ್ರೆ ಎಣಿಸಿ ಇಡುವುದು, ನಾಲ್ಕು ಹಾಸಿಗೆ, ಮಹಾರಾಣಿಯ ಸ್ನಾನ, ಅವಳ ಉದ್ದ ಜಡೆಗೆ ಇಪ್ಪತ್ತು ನಿಮಿಷ. ಹನ್ನೊಂದು ವರ್ಷದಿಂದ ಇದೇ ಬೆಳಗು.

ಮಹಾರಾಣಿಗೆ ಮಾತಿಲ್ಲ. ಚಿಕ್ಕಮ್ಮ ದಿನಾ ಮೂರು ಉಡುಪು ಎತ್ತಿ ತೋರಿಸುತ್ತಾರೆ, ಒಂದೊಂದಾಗಿ, ಕಿಟಕಿಯ ಬೆಳಕಿಗೆ ಹಿಡಿದು. ಮಹಾರಾಣಿ ಸುಮ್ಮನೆ ನೋಡುತ್ತಾಳೆ. ಯಾವುದೋ ಒಂದಕ್ಕೆ ಕಣ್ಣು ಮಿಟುಕಿಸುತ್ತಾಳೆ. ಮೂರಕ್ಕೂ ಮಿಟುಕಿಸದಿದ್ದರೆ ಮತ್ತೆ ಮೂರು. ಇಷ್ಟೆಲ್ಲ ಯಾಕೆ ಎಂದು ಕೇಳಿದರೆ ಚಿಕ್ಕಮ್ಮ ಉಳಿದೆರಡು ಉಡುಪು ಮಡಿಸುತ್ತ ಹಳೆಯದೊಂದನ್ನು ಹೇಳುತ್ತಾರೆ.

ಅವರಿಗೊಬ್ಬ ತಮ್ಮನಿದ್ದ. ಹುಟ್ಟಿನಿಂದ ಮಾತು ಬಾರದವನು. ಅಪ್ಪ ತೀರಿಕೊಂಡ ಮೇಲೆ ಅವನನ್ನು ನಲವತ್ತು ಮಂಚಗಳ ದೊಡ್ಡ ಆಶ್ರಮಕ್ಕೆ ಸೇರಿಸಿದರು. ಅಲ್ಲಿ ಎಲ್ಲರಿಗೂ ಒಂದೇ ಹೊತ್ತಿಗೆ ಊಟ, ಒಂದೇ ತರದ ಬೂದು ಅಂಗಿ. ಅವನ ಹತ್ತಿರ ಇರಲೆಂದೇ ಅಕ್ಕ ಅಲ್ಲಿ ಆಯಾ ಆದರು. ಇಪ್ಪತ್ತಾರನೇ ವಯಸ್ಸಿಗೆ, ಒಂದು ಚಳಿಗಾಲ, ಎದೆಯಲ್ಲಿ ಕಫ ಕಟ್ಟಿ ಅವನು ಹೋಗಿಬಿಟ್ಟ. "ಕೊನೇ ಸಲ ಹಾಕೋಕೆ ಒಂದು ಒಳ್ಳೆ ಅಂಗಿ ತರೋಣ ಅಂತ ಅಂಗಡಿಗೆ ಹೋದೆ. ಯಾವ ಬಣ್ಣ ಅಂತ ಅಂಗಡಿಯವರು ಕೇಳಿದ್ರು. ನನಗೆ ಗೊತ್ತೇ ಇರ್ಲಿಲ್ಲ. ಅವನನ್ನ ಯಾರೂ ಯಾವತ್ತೂ ಕೇಳಿರ್ಲಿಲ್ಲ, ನಾನೂ ಕೇಳಿರ್ಲಿಲ್ಲ."

ದೊಡ್ಡ ಆಶ್ರಮದ ಬದಲು ನಾಲ್ಕೈದು ಜನರ ಸಣ್ಣ ಮನೆಗಳ ಯೋಜನೆ ಬಂದಾಗ ಮೊದಲು ಅರ್ಜಿ ಹಾಕಿದ ಆಯಾ ಅವರೇ.

ಹೋದ ವರ್ಷ ಈ ಮನೆಗೆ ಕುತ್ತು ಬಂತು. ಅಳತೆಗೆ ಬಂದ ಅಧಿಕಾರಿ ಸಭ್ಯ ಹೆಂಗಸು. ನಮೂನೆ ಹಿಡಿದು ಒಂದೊಂದಾಗಿ ಕೇಳುತ್ತ ಹೋದರು. "ಚಹಾ ಒಬ್ಬರೇ ಮಾಡ್ಕೊಳ್ತೀರಾ?" ರೇಡಿಯೊ ಎದೆಯುಬ್ಬಿಸಿ, "ಮಾಡ್ತೀನಿ, ದಿನಾ ಮಾಡ್ತೀನಿ" ಎಂದ. ಅಧಿಕಾರಿ ಗುರುತು ಹಾಕಿಕೊಂಡರು. ತಿಂಗಳೊಳಗೆ ಪತ್ರ ಬಂತು. ಅವನಿಗೆ ಬೆಳಗಿನ ನೆರವು ಬೇಕಿಲ್ಲ, ಆ ಎರಡು ಗಂಟೆ ರದ್ದು. ನಾಲ್ವರ ಗಂಟೆ ಕೂಡಿದರಷ್ಟೇ ಚಿಕ್ಕಮ್ಮನ ಸಂಬಳ ಹೊರಡುವುದು, ಒಬ್ಬನದು ಹೋದರೆ ನಾಲ್ವರ ಬೆಳಗೂ ಹೊಂದುವುದಿಲ್ಲ. ಹೊಂದದಿದ್ದರೆ ಮನೆ ಮುಚ್ಚಿ, ಮತ್ತೆ ನಲವತ್ತು ಮಂಚದ ಕಡೆಗೆ.

ರೇಡಿಯೊಗೆ ಅರ್ಥವಾದದ್ದು ಒಂದೇ: ಚಹಾ ಮಾಡಲು ಬರುತ್ತದೆ ಎಂದು ತಾನು ಹೇಳಿದ್ದು ತಪ್ಪಾಯಿತು. ಮರುದಿನ ಅವನು ಒಲೆಯ ಹತ್ತಿರ ಬರಲಿಲ್ಲ. "ನಂಗೆ ಚಹಾ ಬರಲ್ಲ" ಎಂದು ಗೋಡೆಗೆ ಮುಖ ಮಾಡಿ ಕುಳಿತ. ಕನಸನ್ನೂ ಹೇಳಲಿಲ್ಲ. ಹನ್ನೆರಡು ದಿನ ಆ ಅಡುಗೆಮನೆ ಮೂಕವಾಗಿತ್ತು.

"ಬರಲ್ಲ ಅಂತಲೇ ಬರೆಸಿಬಿಡಿ, ಗಂಟೆ ವಾಪಸ್ ಬರುತ್ತೆ ಅಂತ ಎಷ್ಟೋ ಜನ ಬುದ್ಧಿ ಹೇಳಿದ್ರು" ಎನ್ನುತ್ತಾರೆ ಚಿಕ್ಕಮ್ಮ. "ಆರು ವರ್ಷ ಕಲಿತದ್ದನ್ನ ಬರಲ್ಲ ಅಂತ ಅವನ ಬಾಯಲ್ಲೇ ಹೇಳಿಸೋದಾ? ನನಗೆ ಮನಸ್ಸು ಬರ್ಲಿಲ್ಲ."

ಬೆಳಗಿನ ಕೆಲಸ ಮುಗಿಸಿಕೊಂಡು ಅವರು ಇಲಾಖೆಯ ಮೆಟ್ಟಿಲು ಹತ್ತಿದರು. ಒಟ್ಟು ನಾಲ್ಕು ಸಲ. ನಾಲ್ಕನೆಯ ಸಲ ಅದೇ ಅಧಿಕಾರಿ ಸಿಕ್ಕರು. "ಮೇಡಂ, ಒಂದು ದಿನ ಬೆಳಗ್ಗೆ ಆರಕ್ಕೆ ಬನ್ನಿ. ಏನೂ ಕೇಳ್ಬೇಡಿ. ಸುಮ್ನೆ ಕೂತು ನೋಡಿ." ಅಧಿಕಾರಿ ಬರುತ್ತಾರೆಂಬ ನಂಬಿಕೆ ಅವರಿಗಿರಲಿಲ್ಲ. ಬಂದರು, ನಿದ್ದೆಗಣ್ಣಲ್ಲೇ, ಮೂಲೆಯ ಸ್ಟೂಲಿನ ಮೇಲೆ ಕುಳಿತರು.

"ಮೇಡಂಗೆ ಚಹಾ ಬೇಕಂತೆ" ಎಂದರು ಚಿಕ್ಕಮ್ಮ. ರೇಡಿಯೊ ಬಹಳ ಹೊತ್ತು ಅಲುಗಲಿಲ್ಲ. ಆಮೇಲೆ ಎದ್ದ. ಮನೆಗೆ ಬಂದವರನ್ನು ಹಾಗೇ ಕಳಿಸುವ ಜಾಯಮಾನ ಅವನದಲ್ಲ. ಪಾತ್ರೆ ಇಟ್ಟ, ಒಲೆಯ ಗುಂಡಿ ತಿರುಗಿಸಿದ, ಅಷ್ಟರಲ್ಲಿ ಹನ್ನೆರಡು ದಿನ ಕೂಡಿಟ್ಟ ಕನಸುಗಳು ಒಟ್ಟಿಗೇ ನುಗ್ಗಿ ಬಂದವು. ಬೆಂಕಿ ಹಚ್ಚುವುದು ಬಿಟ್ಟು ಅತಿಥಿಯ ಕಡೆ ತಿರುಗಿದ. ಗ್ಯಾಸು ಸುಯ್ಯೆನ್ನುತ್ತಿತ್ತು. ಅಧಿಕಾರಿ ಎದ್ದು ನಿಂತರು. ಚಿಕ್ಕಮ್ಮ ನಿಂತಲ್ಲಿಂದಲೇ, "ಗುಂಡಿ" ಎಂದರು. ಅವನು ಅದನ್ನು ಮುಚ್ಚಿದ, ಕಿಟಕಿ ತೆರೆದ, ಸ್ವಲ್ಪ ಕಾದು ಮೊದಲಿನಿಂದ ಶುರುಮಾಡಿದ. ಬೆಳಗಿನ ಬೆಳಕು ಹಬೆಯೊಳಗೆ ಇಳಿದು ಬರುವ ಹೊತ್ತಿಗೆ ಚಹಾ ಆಯಿತು. ಸಕ್ಕರೆ ಎರಡು ಸಲ ಬಿದ್ದಿತ್ತು.

ಲೋಟ ಬರಿದು ಮಾಡಿ ಅಧಿಕಾರಿ ಮೆಲ್ಲಗೆ ಕೇಳಿದರು: "ನೀವು ಇರದಿದ್ರೆ ಏನಾಗುತ್ತೆ, ಒಂದ್ಸಲ ಆಚೆ ಹೋಗಿ ತೋರಿಸ್ತೀರಾ?"

"ಇಲ್ಲ ಮೇಡಂ. ಅವನನ್ನ ಬೀಳಿಸಿ ತೋರಿಸೋದು ನನ್ನಿಂದಾಗಲ್ಲ."

ಅಧಿಕಾರಿ ಮತ್ತೆ ಕೇಳಲಿಲ್ಲ. ನಮೂನೆಯಲ್ಲಿ ಮಾಡುವ ಕೆಲಸಕ್ಕೆ ಕಾಲಂ ಇದೆ, ಪಕ್ಕದಲ್ಲಿ ನಿಲ್ಲುವುದಕ್ಕಿಲ್ಲ. ಹಾಳೆ ಮಗುಚಿ, ಕಂಡದ್ದನ್ನು ಹಿಂಬದಿಯಲ್ಲಿ ಬರೆದರು. ಮೂರು ವಾರದೊಳಗೆ ಎರಡು ಗಂಟೆಯೂ ವಾಪಸ್ ಬಂದವು, ಒಂದು ವರ್ಷದ ಮಟ್ಟಿಗೆ. ಬರುವ ತಿಂಗಳು ಮತ್ತೆ ಅಳತೆ. ಆ ಅಧಿಕಾರಿಗೆ ವರ್ಗವಾಗಿದೆ. ಈ ಸಲ ಯಾರು ಬರುತ್ತಾರೋ ಗೊತ್ತಿಲ್ಲ. "ಬರ್ಲಿ. ಅವರಿಗೂ ಆರು ಗಂಟೆಗೇ ಬನ್ನಿ ಅಂತೀನಿ" ಎನ್ನುತ್ತಾರೆ ಚಿಕ್ಕಮ್ಮ.

ಬಿಸಿಲು ಏರಿದೆ. ಅವಳಿಗಳು ಕೋಲು ಹಿಡಿದು ಕೆಲಸಕ್ಕೆ ಹೊರಟಿದ್ದಾರೆ, ಮಹಾರಾಣಿ ಇವತ್ತಿಗೆ ಹಳದಿ ಉಡುಪಿಗೆ ಕಣ್ಣು ಮಿಟುಕಿಸಿದ್ದಾಳೆ. ನಿಮಗೇನಾದರೂ ಆಸೆ ಇದೆಯಾ ಎಂದರೆ ಚಿಕ್ಕಮ್ಮ ಬಾಚಣಿಗೆಯ ಕೂದಲು ಬಿಡಿಸುತ್ತ ಯೋಚಿಸುತ್ತಾರೆ.

"ಒಂದು ಭಾನುವಾರ ಒಳ್ಳೆ ಬಟ್ಟೆ ಹಾಕ್ಕೊಂಡು ನೆಂಟರ ಹಾಗೆ ಬರ್ಬೇಕು. ಬೆಲ್ ಒತ್ಬೇಕು. ಒಳಗಿಂದ ಇವರು ಯಾರದು ಅಂತ ಕೇಳ್ಬೇಕು. ಆಮೇಲೆ, ಈಗ ನಮಗೆ ಪುರುಸೊತ್ತಿಲ್ಲ, ನಾಳೆ ಬನ್ನಿ ಅಂತ ಹೇಳ್ಬೇಕು. ನಾನು ಸರಿ ಅಂತ ವಾಪಸ್ ಹೋಗ್ಬೇಕು. ಅವರ ಮನೆ ಅಲ್ವಾ."