ಟೇಪಿನಲ್ಲಿದ್ದ ಕೂಗು

ದೆವ್ವ, ಶಕುನ, ಗಾಳಿ ಸೋಕುವುದು ಎಂದು ಯಾರಾದರೂ ಮಾತೆತ್ತಿದರೆ ನಾನು ಅವರ ಮೇಲೆ ಹರಿಹಾಯುತ್ತಿದ್ದೆ. ಶಬ್ದ ಎಂದರೆ ಗಾಳಿಯ ಅಲುಗಾಟ, ಅಲುಗಿಸಿದವನೊಬ್ಬ ಇರಲೇಬೇಕು ಎಂಬುದು ನನ್ನ ವಾದವಾಗಿತ್ತು. ಈಗಲೂ ಅದನ್ನೇ ನಂಬಿಕೊಂಡಿರಬೇಕೆಂದು ಆಸೆ. ಆದರೆ ಕೆಲವು ವರ್ಷಗಳ ಹಿಂದೆ ತಮಿಳು ಸೀಮೆಯ ನಮ್ಮ ಕಂಬಂ ಕಣಿವೆಯಲ್ಲಿ ಒಂದು ಬೆಳಿಗ್ಗೆ ನಡೆದದ್ದು ಆ ವಾದಕ್ಕೆ ಒಗ್ಗುವುದಿಲ್ಲ. ನೀವು ನಂಬದಿದ್ದರೆ ನನಗೇನೂ ಬೇಸರವಿಲ್ಲ, ನನ್ನ ಮನೆಯವರೇ ನಂಬಿಲ್ಲ.

ಚಿನ್ನಮನೂರಿನಲ್ಲಿ ನಮ್ಮದೊಂದು ಬಾಳೆಕಾಯಿ ಮಂಡಿ ಇದೆ. ಹೊಟ್ಟೆಪಾಡು ಅದು. ಉಳಿದ ಹೊತ್ತಿನಲ್ಲಿ ಎಲೆಕ್ಟ್ರಾನಿಕ್ ಸಂಗೀತ ಮಾಡುತ್ತೇನೆ. ಅದರಲ್ಲಿ ತಾಳವಿಲ್ಲ, ಹಾಡೂ ಇಲ್ಲ. ವೇದಸಂದೂರಿನ ನೂಲಿನ ಮಿಲ್ಲಿನ ಮೊರೆತ, ಬಾಳೆಕಾಯಿ ಹಣ್ಣಿಗಿಡುವ ಕೋಣೆಯ ಯಂತ್ರದ ಗುಂಯ್ ಎನ್ನುವ ಸದ್ದು, ಇಂಥವನ್ನು ಹಿಡಿದು ನಿಧಾನಗೊಳಿಸಿ ಸಿಂಥಸೈಜರಿನ ಒಂದೇ ಸ್ವರದ ಮೇಲೆ ಹರಡುತ್ತೇನೆ. ಇದನ್ನು ಈ ಕಾಲದಲ್ಲೂ ಕ್ಯಾಸೆಟ್ಟಿನಲ್ಲೇ ಹೊರತರುವ ಪುಟ್ಟ ಪುಟ್ಟ ಲೇಬಲ್‌ಗಳಿವೆ. ನನ್ನ ಲೇಬಲ್ ಎಂದರೆ ಕೊಯಮತ್ತೂರಿನ ಒಬ್ಬ ಮನುಷ್ಯ ಮತ್ತು ಅವನ ಮಂಚದ ಕೆಳಗಿನ ರಟ್ಟಿನ ಪೆಟ್ಟಿಗೆ. ಐವತ್ತು ಪ್ರತಿ ತರುತ್ತಾನೆ. ಅಷ್ಟನ್ನೂ ನಾನೇ ಮನೆಯಲ್ಲಿ ಕೂತು, ಒಂದೊಂದನ್ನೂ ಕೊನೆಯವರೆಗೆ ಓಡಿಸಿ ನಕಲು ಮಾಡಬೇಕು. ನಮ್ಮ ನೆಂಟರಿಷ್ಟರಿಗೆ ಇದೆಲ್ಲ ಕೆಟ್ಟುಹೋದ ಮಿಕ್ಸಿಯ ಸದ್ದು.

ಎಲ್ಲರಿಗಿಂತ ಹೆಚ್ಚು ಅಸಹ್ಯಪಟ್ಟವರು ನನ್ನ ಭಾವ, ಅಕ್ಕನ ಗಂಡ. ನಮ್ಮ ಕುಲದ ದೇವರ ದನಗಳ ಉಸ್ತುವಾರಿ ಅವರದಾಗಿತ್ತು. ಕನ್ನಡ ನಾಡಿನಿಂದ ನಮ್ಮ ಹಿರಿಯರು ಹೊಡೆದುಕೊಂಡು ಬಂದ ದನಗಳ ಸಂತತಿ ಎಂದು ಆ ಮಂದೆಯನ್ನು ಸಾಕುತ್ತೇವೆ. ಅವುಗಳ ಹಾಲು ಕರುಗಳಿಗೇ ಬಿಟ್ಟದ್ದು. ದೊಡ್ಡಿಯೊಳಗೆ ಚಪ್ಪಲಿ ಮೆಟ್ಟುವಂತಿಲ್ಲ. ಮಂದೆಗೊಂದು ಪಟ್ಟದ ಹೋರಿ. ಅದು ಸತ್ತರೆ ಮುಂದಿನದನ್ನು ಮನುಷ್ಯರು ಆರಿಸುವುದಿಲ್ಲ. ಉಸ್ತುವಾರಿಯವರು ದೊಡ್ಡಿಯ ನಡುಗಂಬಕ್ಕೆ ಬೆನ್ನು ಕೊಟ್ಟು, ಕಬ್ಬು ಹಿಡಿದು ಕೂಗುತ್ತಾರೆ. ಮೊದಲು ಬಂದು ಕಬ್ಬಿಗೆ ಬಾಯಿ ಹಾಕಿದ ಹೋರಿಗೆ ಪಟ್ಟ. ಆ ಕೂಗನ್ನು ಬೇರೆ ದಿನ ಕೂಗುವುದು ನಿಷಿದ್ಧ. ಹಿಂದಿನ ಸಲ ಕೂಗಿದ್ದು ಭಾವನ ತಂದೆ. ಭಾವ ಅದನ್ನು ಇನ್ನೂ ಒಮ್ಮೆಯೂ ಕೂಗಿರಲಿಲ್ಲ.

ಆ ವರ್ಷ ಪಟ್ಟದ ಹೋರಿ ಸತ್ತಿತು. ಅದಕ್ಕೂ ಮೊದಲೇ, ಅಕ್ಕನ ಕಾಟ ತಾಳಲಾರದೆ, ದನಗಳು ಮೆಲುಕು ಹಾಕುವ ಸದ್ದನ್ನು ಹಿಡಿಯಲು ಭಾವ ನನಗೆ ಒಪ್ಪಿಗೆ ಕೊಟ್ಟಿದ್ದರು. ಅದನ್ನೇ ಹೊಸ ಕ್ಯಾಸೆಟ್ಟಿನ ಎರಡನೇ ಬದಿಗೆ ಹಾಕಿದ್ದೆ. ಕಬ್ಬು ಹಿಡಿಯುವ ಹಿಂದಿನ ದಿನ ಮಧ್ಯಾಹ್ನ, ನಕಲು ಮಾಡುತ್ತ ಹೆಡ್‌ಫೋನಿನಲ್ಲಿ ಕೇಳುತ್ತಿದ್ದಾಗ, ಆ ಬದಿಯ ಕೊನೆಗೆ ಬಹಳ ಸಣ್ಣಗೆ ಒಬ್ಬ ಗಂಡಸು ಕೂಗಿದ. ಕೂಗು ಅರ್ಧಕ್ಕೆ ನಿಂತಿತು. ಹಿಂದೆಯೇ ಧಡ್ ಎಂಬ ಸದ್ದು.

ಹೆದರಲಿಲ್ಲ, ರೇಗಿತು. ಟೇಪು ಸುತ್ತಿಕೊಂಡು ಕೂತಿರುವಾಗ ಜೋರು ಸದ್ದೊಂದು ಪಕ್ಕದ ಸುತ್ತಿಗೂ ಅಂಟಿಕೊಳ್ಳುವುದುಂಟು. ಹಾಗಾದಾಗ ಸದ್ದು ಬರುವ ಮೊದಲೇ ಅದರ ನೆರಳು ಕೇಳಿಸುತ್ತದೆ. ಟೇಪಿನ ಕೆಲಸ ಮಾಡುವವರೆಲ್ಲ ಶಪಿಸುವ ದೋಷ ಇದು. ಅದೇ ಇರಬೇಕೆಂದು ಟೇಪನ್ನು ಮುಂದೆ ಓಡಿಸಿ ಮೂಲದ ಜೋರು ಸದ್ದನ್ನು ಹುಡುಕಿದೆ. ಇರಲಿಲ್ಲ. ನೆರಳಿದೆ, ವಸ್ತು ಇಲ್ಲ. ದೊಡ್ಡಿಯಲ್ಲಿ ಬಳಸಿದ ರೆಕಾರ್ಡರಿನಲ್ಲೂ ಕೂಗಿನ ಸುಳಿವಿರಲಿಲ್ಲ. ಅಷ್ಟರಲ್ಲಿ ಮನೆಗೆ ಬಂದ ಅಕ್ಕನ ಕಿವಿಗೆ ಹೆಡ್‌ಫೋನ್ ಇಟ್ಟೆ. ಅವಳು ಮತ್ತೊಮ್ಮೆ ಹಾಕಿಸಿ ಕೇಳಿದಳು.

"ತಂಬಿ, ಇದು ನಿಮ್ ಬಾವನ್ ಕೊರಳು ಕಣ್ಡಾ" ಎಂದಳು.

ಸಂಜೆ ಇಬ್ಬರೂ ಹೋಗಿ ಭಾವನಿಗೆ ಕೇಳಿಸಿದೆವು. ಅವರು ಹೆಡ್‌ಫೋನ್ ಕಿತ್ತು ಅಂಗಳಕ್ಕೆ ಎಸೆದರು.

"ನಾಳೆ ನಾನ್ ಕೂಗ್ಬಾರ್ದು, ಅದುಕ್ ತಾನೆ ಈ ವೇಷ? ಮತ್ ಯಾರ್ ಕೂಗೋದು, ನೀನಾ? ನಿನ್ ಪಾಟ್ಟು ಕೇಳುದ್ರೆ ಇರೋ ದನಾನೂ ಓಡೋಯ್ತವೆ!"

ನಾನೂ ಸುಮ್ಮನಿರಲಿಲ್ಲ, ಮಾತಿಗೆ ಮಾತು ಬೆಳೆಯಿತು. ಕೊನೆಗೆ ಅಕ್ಕ, ನಡುಗಂಬದ ಹತ್ತಿರ ಹೋಗಕೂಡದೆಂದು ತಾಳಿ ಹಿಡಿದು ಆಣೆ ಹಾಕಿದಳು. ಕಬ್ಬನ್ನು ಕಂಬಕ್ಕೆ ಕಟ್ಟುವುದು, ಭಾವ ದೊಡ್ಡಿಯ ಬಾಗಿಲ ಹೊರಗೆ ನಿಂತು ಕೂಗುವುದು ಎಂದಾಯಿತು. ಹಲ್ಲು ಕಡಿಯುತ್ತ ಒಪ್ಪಿಕೊಂಡರು.

ಬೆಳಿಗ್ಗೆ ಬಿಸಿಲೇರುವ ಹೊತ್ತಿಗೆ ಜನ ಸೇರಿದ್ದರು. ನಾನು ಭಾವನ ಪಕ್ಕದಲ್ಲೇ ಇದ್ದೆ, ಬರಿಗೈಯಲ್ಲಿ. ಯಂತ್ರಗಳೆಲ್ಲ ಮನೆಯಲ್ಲಿದ್ದವು. ಹೋರಿಗಳನ್ನು ಬಿಟ್ಟರು. ಭಾವ ಇನ್ನೂ ಬಾಯಿ ತೆರೆದಿರಲಿಲ್ಲ. ನಾನು ಅವರ ಮುಖವನ್ನೇ ನೋಡುತ್ತಿದ್ದೆ, ಆದ್ದರಿಂದ ಇದನ್ನು ಯಾರ ಮುಂದೆ ಬೇಕಾದರೂ ಹೇಳಬಲ್ಲೆ. ತುಟಿಗೆ ತುಟಿ ಬಿಗಿದುಕೊಂಡಿದ್ದರು.

ಆಗ ನಡುಗಂಬದ ಹತ್ತಿರದಿಂದ, ಯಾರೂ ಇಲ್ಲದ ಜಾಗದಿಂದ, ಭಾವನ ದನಿಯಲ್ಲಿ ಆ ಕೂಗು ಎದ್ದಿತು.

ಸೇರಿದ್ದವರೆಲ್ಲ ಕೇಳಿದರು. ಒಂದು ಎಳೆಯ ಹೋರಿ ತಲೆ ತಗ್ಗಿಸಿ ನುಗ್ಗಿತು. ಕಬ್ಬಿನ ಕಡೆ ಅದು ನೋಡಲೇ ಇಲ್ಲ. ಕೂಗು ಅರ್ಧಕ್ಕೆ ನಿಂತಿತು. ಹೋರಿ ಕಂಬಕ್ಕೆ ಹಾಯ್ದ ಸದ್ದು ಟೇಪಿನಲ್ಲಿ ಕೇಳಿದ್ದೇ ಸದ್ದು.

ಮುಂದಿನದನ್ನು ನೀವೇ ಊಹಿಸಬಹುದು. ಊರಿನಲ್ಲಿ ಸದ್ದು ಹಿಡಿದು ಆಡಿಸುವವನು ನಾನೊಬ್ಬನೇ. ಯಾರೋ ನನ್ನ ಅಂಗಿ ಹಿಡಿದೆಳೆದರು. "ಎಲ್ಲಿ ವಚ್ಚಿದ್ದೀಯಾ ಸ್ಪೀಕರ್‌ನ?" ಎಂದು ಹುಲ್ಲು ಕೆದರಿದರು, ಗೊಂತು ತಡಕಿದರು. ಏನೂ ಸಿಗಲಿಲ್ಲ. ಸಿಗದಿದ್ದದ್ದಕ್ಕೆ ಸಿಟ್ಟು ಇಮ್ಮಡಿಯಾಯಿತು. ಭಾವ ಎಲ್ಲರೆದುರು ನನ್ನ ಕೆನ್ನೆಗೆ ಹೊಡೆದರು. "ನನ್ ಕೊರಳ ಕದ್ದ್ಬುಟ್ಟ, ಪಾವಿ" ಎಂದರು. ಗುಂಪು ನನ್ನ ಮನೆಗೇ ಬಂದು ಟೇಪು ಹಾಕಿಸಿತು. ದನಗಳ ಉಸಿರು, ಆಮೇಲೆ ಬರೀ ಸುಯ್‌ಗುಡುವ ಟೇಪು. ಕೂಗು ಮಾಯವಾಗಿತ್ತು. ಯಾವ ನಕಲಿನಲ್ಲೂ ಇರಲಿಲ್ಲ. ಅಳಿಸಿದ್ದಾನೆ ಎಂದರು. ಕೊಯಮತ್ತೂರಿನವನು ಅದನ್ನು ಹಾಗೆಯೇ ಹೊರತಂದ. ಕೊಂಡವರು ಕೊನೆಯ ಮೌನವನ್ನು ಬಹಳ ಹೊಗಳಿದರಂತೆ. ಅವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಕದ್ದ ಕೂಗಿನ ಮೇಲೆ ಯಾವ ಹೋರಿಗೂ ಪಟ್ಟ ಕಟ್ಟಲಾಗದೆಂದು ಹಿರಿಯರು ತೀರ್ಮಾನಿಸಿದರು. ಉಸ್ತುವಾರಿ ಭಾವನ ಕೈತಪ್ಪಿತು. ತಂದೆಯ ಕಾಲದಿಂದ ಬಂದದ್ದು ನನ್ನಿಂದಾಗಿ ಹೋಯಿತೆಂದು ಅವರು ಇವತ್ತಿಗೂ ನನ್ನೊಡನೆ ಮಾತಾಡುವುದಿಲ್ಲ. ನಾನು ಹೊಸ್ತಿಲು ತುಳಿದರೆ ಎಲೆಯ ಮುಂದಿನಿಂದ ಎದ್ದುಹೋಗುತ್ತಾರೆ. ಟೇಪಿನ ಕೂಗನ್ನು ಕೇಳಿದ್ದ ಅಕ್ಕನಾದರೂ ನನ್ನ ಪರ ನಾಲ್ಕು ಮಾತಾಡಬಹುದಿತ್ತು. ಆಡಲಿಲ್ಲ. "ಬೈಲಿ ಬುಡು ತಂಬಿ, ಬೈಯ್ಯಾಕಾದ್ರೂ ಇದಾರಲ್ಲ" ಎಂದಳು. ನನಗೆ ಅವಳ ಮೇಲೂ ಕೋಪವಿದೆ.

ಈಚೆಗೆ ಯಾರೂ ಇಲ್ಲದಾಗ ಚಪ್ಪಲಿ ಬಿಟ್ಟು ದೊಡ್ಡಿಯೊಳಗೆ ಹೋಗಿ ನಡುಗಂಬವನ್ನು ನೋಡಿದೆ. ಕೊಂಬು ನಾಟಿದ ಗುಳಿ ಹಾಗೆಯೇ ಇದೆ, ನಾಲ್ಕು ಬೆರಳು ಇಳಿಯುವಷ್ಟು ಆಳ. ಕಂಬಕ್ಕೆ ಬೆನ್ನು ಕೊಟ್ಟು ನಿಂತೆ. ಭಾವನೂ ನಾನೂ ಒಂದೇ ಎತ್ತರ. ಗುಳಿ ನನ್ನ ಎದೆಯ ಹಿಂದೆ ಬಂತು. ಅಲ್ಲಿ ಕೂಗಿದವರು ಯಾರೆಂದು ನನಗೆ ಗೊತ್ತಿಲ್ಲ.